ಪುಣೆಯಿಂದ ಧಾರವಾಡಕ್ಕೆ: ಮಂಡಿಯ ಅಳತೆಗೆ ಕಟ್ಟಿಸಿದ ಮನೆ

ಪುಣೆಯ ಫ್ಲ್ಯಾಟ್ ಮಾರಿ, ಮಗಳು-ಅಳಿಯ ಇರುವ ಧಾರವಾಡದಲ್ಲಿ ಎರಡು ಕೋಣೆಯ, ಮಹಡಿಯಿಲ್ಲದ ಮನೆ ಕಟ್ಟಿಸಿದೆವು. ನಿವೃತ್ತಿಯ ನಂತರ ಮನೆ ಕಟ್ಟಿಸುವವರು ಇವತ್ತಿನ ಕಾಲಿಗಲ್ಲ, ಇನ್ನು ಹದಿನೈದು ವರ್ಷದ ಮೇಲಿನ ಮಂಡಿಗೆ ಕಟ್ಟಿಸಬೇಕು. ಗೌಂಡಿಗೂ ಕಾಂಟ್ರಾಕ್ಟರನಿಗೂ ಆ ಅಳತೆ ಬಾಯಿಪಾಠ ಇರುವುದಿಲ್ಲ. ನಾವೇ ಬರೆದು ಕೊಡಬೇಕು.

ಮೊದಲು ಮಗಳ ಮನೆಯ ಆಸುಪಾಸಿನಲ್ಲಿ ಬಾಡಿಗೆ ಹಿಡಿದು ಒಂದು ಮಳೆಗಾಲ ಕಳೆಯಬೇಕು. ಯಾವ ಪ್ಲಾಟಿನಲ್ಲಿ ನೀರು ನಿಲ್ಲುತ್ತದೆ, ಮಳೆಯ ಎರಚಲು ಯಾವ ಗೋಡೆಗೆ ಬಡಿಯುತ್ತದೆ ಎಂಬುದು ಬೇಸಿಗೆಯಲ್ಲಿ ನೋಡಿದವರಿಗೆ ತಿಳಿಯುವುದಿಲ್ಲ. ದೂರದ ಲೆಕ್ಕವೂ ಆಗಲೇ ಸಿಗುತ್ತದೆ. ನಡೆದು ಹತ್ತು ನಿಮಿಷ, ನಡುವೆ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಬರಬಾರದು, ಇಷ್ಟೇ ನಮ್ಮ ಷರತ್ತು. ಬಸ್ಸಿಗೇ ಮೀಸಲಾದ ಬಿಆರ್‌ಟಿಎಸ್ ಪಥ ಆದ ಮೇಲೆ ಆ ರಸ್ತೆ ದಾಟುವುದು ವಯಸ್ಸಾದವರ ಕೆಲಸವಲ್ಲ.

ಅಗ್ಗಕ್ಕೆ ಸಿಗುವವು ಗುಂಟೆ ಪ್ಲಾಟುಗಳು. ಹೊಲವನ್ನೇ ಗುಂಟೆ ಲೆಕ್ಕದಲ್ಲಿ, ಅಂದರೆ 1,089 ಚದರಡಿಯ ತುಂಡುಗಳಾಗಿ ಮಾರಿದ್ದು. ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿರುವುದಿಲ್ಲ, ಲೇಔಟ್ ಮಂಜೂರಾಗಿರುವುದಿಲ್ಲ. ಹಾಗಾಗಿ ಕಟ್ಟಡ ಪರವಾನಗಿಗೂ ಬ್ಯಾಂಕ್ ಸಾಲಕ್ಕೂ ತೊಡಕು. ಎನ್‌ಎ ಆದೇಶ, ಮಂಜೂರಾದ ಲೇಔಟ್ ನಕ್ಷೆ, ಇ-ಖಾತಾ ಅಥವಾ ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡ್, ಮೂವತ್ತು ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ), ಇವಿಷ್ಟನ್ನೂ ವಕೀಲರ ಕೈಯಲ್ಲಿಟ್ಟ ಮೇಲೆಯೇ ಮುಂಗಡ ಕೊಡಬೇಕು.

ಪ್ಲಾಟ್ ನಮ್ಮ ಹೆಸರಿನಲ್ಲೇ ಇರಲಿ. ಮಗಳ ಹೆಸರಿನ ಜಾಗದಲ್ಲಿ ನಮ್ಮ ದುಡ್ಡಿನ ಮನೆ ಎದ್ದರೆ, ತೆರಿಗೆಯವರ ಮುಂದೂ ತಕರಾರು, ನಾಳೆ ಅಳಿಯನಿಗೆ ಸಾಲದ ತೊಂದರೆ ಬಂದರೆ ಅಲ್ಲೂ ತಕರಾರು. ಮಗಳಿಗೆ ಹೋಗಬೇಕಾದದ್ದು ಮೃತ್ಯುಪತ್ರದಿಂದ ಹೋಗುತ್ತದೆ. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಸಾಕು, ನೋಂದಣಿ ಕಡ್ಡಾಯವಲ್ಲ.

ಹಳೆಯ ಮನೆ ಮಾರಿದ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕೆಂದರೆ, ಮಾರಿದ ದಿನದಿಂದ ಮೂರು ವರ್ಷದೊಳಗೆ ಹೊಸದು ಕಟ್ಟಿ ಮುಗಿಯಬೇಕು. ಪ್ಲಾಟಿನ ಬೆಲೆಯೂ ವೆಚ್ಚದಲ್ಲಿ ಸೇರುತ್ತದೆ. ಆ ವರ್ಷದ ರಿಟರ್ನ್ ಸಲ್ಲಿಸುವ ಕೊನೆಯ ದಿನದ ಹೊತ್ತಿಗೆ ಖರ್ಚಾಗದೆ ಉಳಿದ ಲಾಭವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಬೇಕು. ಮಾಮೂಲಿ ಎಫ್‌ಡಿ ಇದಕ್ಕೆ ನಡೆಯುವುದಿಲ್ಲ. ಕಬ್ಬಿಣ, ಸಿಮೆಂಟು, ಮಜೂರಿ, ಎಲ್ಲ ಬಿಲ್ಲೂ ನಮ್ಮ ಹೆಸರಿನಲ್ಲೇ ಇರಬೇಕು. ರಾಜ್ಯ ಬದಲಿಸುವವರಿಗೆ ಗಾಡಿಯ ಲೆಕ್ಕವೂ ಇದೆ: ಮಹಾರಾಷ್ಟ್ರದ ನಂಬರಿನ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಅಲ್ಲಿಂದ ಎನ್‌ಒಸಿ, ಇಲ್ಲಿ ಮತ್ತೆ ರಸ್ತೆ ತೆರಿಗೆ. ಗಾಡಿ ಹಳೆಯದಾಗಿದ್ದರೆ ಅಲ್ಲೇ ಮಾರಿ ಬರುವುದು ವಾಸಿ.

ಇನ್ನು ಮಣ್ಣು. ಧಾರವಾಡದ ಪಶ್ಚಿಮಕ್ಕೆ ಕೆಂಪು ನೆಲ, ಪೂರ್ವಕ್ಕೆ ನವಲಗುಂದದ ಕಡೆ ಹೋದಂತೆಲ್ಲ ಎರಿ, ಅಂದರೆ ಕಪ್ಪು ಮಣ್ಣು. ಊರೊಳಗೆ ಎರಡೂ ಕಲಸಿಕೊಂಡಿವೆ, ಪಕ್ಕದ ಪ್ಲಾಟಿನವರ ಮಾತು ನಂಬಿ ಪಾಯ ಹಾಕುವಂತಿಲ್ಲ. ಖರೀದಿಗೆ ಮುಂಚೆಯೇ ಒಡೆಯರನ್ನು ಕೇಳಿ ಒಂದು ಗುಂಡಿ ತೋಡಿಸಿ ನೋಡಬೇಕು. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ನಾಲ್ಕೈದು ಅಡಿಯಲ್ಲಿ ಗರಸು (ಗಟ್ಟಿಯಾದ ಜಲ್ಲಿಮಣ್ಣು) ಸಿಕ್ಕರೆ ಅಲ್ಲಿಯವರೆಗೆ ಅಗೆದು ಪಾಯ ಕೂರಿಸಬಹುದು. ಎರಿ ಅದಕ್ಕೂ ಆಳಕ್ಕಿದ್ದರೆ ಬುಡ ಅಗಲಿಸಿದ ಪೈಲ್ (ನೆಲದೊಳಗಿನ ಕಾಂಕ್ರೀಟ್ ಕಂಬ) ಹಾಕಿ, ಮೇಲೆ ಪ್ಲಿಂತ್ ಬೀಮ್ (ಗೋಡೆ ಹೊರುವ ತಳದ ತೊಲೆ) ಕಟ್ಟಬೇಕು. ಬೀಮಿನ ತಳಕ್ಕೂ ಮಣ್ಣಿಗೂ ನಡುವೆ ಮೂರು ಇಂಚು ಖಾಲಿ ಜಾಗ ಬಿಡಬೇಕು. ಇಲ್ಲವಾದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ವಿನ್ಯಾಸ ಸ್ಟ್ರಕ್ಚರಲ್ ಎಂಜಿನಿಯರ್‌ದೇ ಆಗಿರಬೇಕು.

ಮೋಸ ಆಗುವುದು ಪಾಯದಲ್ಲಲ್ಲ, ಭರ್ತಿಯಲ್ಲಿ. ಅಗೆದ ಎರಿಯನ್ನೇ ಮನೆಯೊಳಗೆ ತುಂಬಿ ಮೇಲೆ ಫರಸಿ ಹಾಸಿದರೆ ಕಾಂಟ್ರಾಕ್ಟರನಿಗೆ ಗರಸಿನ ಟ್ರಿಪ್ಪುಗಳ ದುಡ್ಡು ಉಳಿಯುತ್ತದೆ. ನಮಗೆ ಎರಡನೇ ಮಳೆಗಾಲಕ್ಕೆ ನೆಲ ಉಬ್ಬಿ ಬಾಗಿಲು ಹಿಡಿಯುತ್ತದೆ. ಅಗೆದ ಮಣ್ಣು ಪ್ಲಾಟಿನಿಂದ ಹೊರಗೆ ಹೋಗಲೇಬೇಕು. ಗರಸನ್ನು ಆರು ಆರು ಇಂಚು ಹರವಿ, ನೀರು ಹೊಡೆದು, ಧುಮ್ಮಸು ಮಾಡಿಸಬೇಕು. ಮನೆಯ ಸುತ್ತ ಮೂರಡಿ ಅಗಲದ ಕಾಂಕ್ರೀಟ್ ಪಟ್ಟಿ, ಹೊರಕ್ಕೆ ಇಳಿಜಾರಾಗಿ. ಗೋಡೆಗೆ ತಾಗಿ ಹೂವಿನ ಪಾತಿ ಬೇಡ. ದಿನಾ ಹನಿಸುವ ನೀರು ಪಾಯದ ಬುಡಕ್ಕೇ ಇಳಿಯುತ್ತದೆ.

ಇಲ್ಲೊಂದು ಜಗ್ಗಾಟವಿದೆ. ಮಳೆ ನೀರಿಗೆ ಹೆದರಿ ಎಲ್ಲರೂ ಪ್ಲಿಂತನ್ನು, ಅಂದರೆ ಮನೆಯ ನೆಲಗಟ್ಟನ್ನು, ಎರಡೂವರೆ ಅಡಿ ಎತ್ತರಿಸುತ್ತಾರೆ, ಮಂಡಿ ಅದನ್ನು ಒಪ್ಪುವುದಿಲ್ಲ. ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡು ಇರಬೇಕಾದ್ದರಿಂದ, ಎರಡೂವರೆ ಅಡಿ ಏರಲು ಮೂವತ್ತು ಅಡಿ ಉದ್ದದ ದಾರಿ ಬೇಕು. 30×40 ಪ್ಲಾಟಿನಲ್ಲಿ ಅದೆಲ್ಲಿಂದ ಬರಬೇಕು? ರಸ್ತೆಗಿಂತ ಹದಿನೆಂಟು ಇಂಚು ಸಾಕಾಗುವ ಜಾಗವನ್ನೇ ಆರಿಸಿ, ಆ ಏರನ್ನು ಎರಡು ಪಾಲು ಮಾಡಿದೆವು. ಗೇಟಿನಿಂದ ಹತ್ತಡಿ ಪೋರ್ಚಿನಲ್ಲೇ ಆರು ಇಂಚು ಏರು. ಉಳಿದ ಹನ್ನೆರಡು ಇಂಚಿಗೆ ಆರಾರು ಇಂಚಿನ ಎರಡು ಮೆಟ್ಟಿಲು, ಪಕ್ಕದಲ್ಲಿ ಹನ್ನೆರಡಡಿ ಉದ್ದ, ಮೂರಡಿ ಅಗಲದ ಇಳಿಜಾರು ದಾರಿ. ಎರಡೂ ಬದಿಗೆ ಮೂವತ್ನಾಲ್ಕು ಇಂಚು ಎತ್ತರದ ಹಿಡಿಕಂಬಿ.

ಬಾಗಿಲಿನ ಅಳತೆಯಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ಬಡಿಗ ಹೇಳುವ ಮೂರಡಿ ಚೌಕಟ್ಟಿನ ಹೊರ ಅಳತೆ. ಎರಡೂ ಬದಿಯ ಕಟ್ಟಿಗೆ, ತೆರೆದ ಬಾಗಿಲಿನ ದಪ್ಪ ಕಳೆದರೆ ಮೂವತ್ತು ಇಂಚೂ ಉಳಿಯುವುದಿಲ್ಲ. ಚೌಕಟ್ಟನ್ನು ನಲವತ್ತು ಇಂಚಿಗೆ ಹೇಳಿದರೆ ಗಾಲಿಕುರ್ಚಿಯೂ ಅದನ್ನು ತಳ್ಳುವವರ ಬೆರಳ ಗಂಟೂ ಸುರಕ್ಷಿತ. ಹೊಸ್ತಿಲು ಮುಂಬಾಗಿಲಿಗೊಂದೇ. ಅದೂ ಪೂಜೆಗೆ, ಅರ್ಧ ಇಂಚು.

ಬಚ್ಚಲಿನ ಬಾಗಿಲು ಹೊರಗೆ ತೆರೆಯಬೇಕು ಇಲ್ಲವೇ ಸರಿಯಬೇಕು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದಿರುತ್ತಾರೆ. ಒಳಕ್ಕೆ ತೆರೆಯುವ ಬಾಗಿಲನ್ನು ದೂಡಲಾಗುವುದಿಲ್ಲ. ಚಿಲಕ ನಾಣ್ಯ ತಿರುಗಿಸಿ ಹೊರಗಿನಿಂದ ತೆಗೆಯುವಂಥದ್ದಿರಲಿ. ಕೋಣೆಯ ನೆಲಕ್ಕಿಂತ ಬಚ್ಚಲು ಅರ್ಧ ಇಂಚು ಮಾತ್ರ ಇಳಿಯಲಿ. ನೀರನ್ನು ತಡೆಯಬೇಕಾದದ್ದು ಇಳಿಜಾರು, ಕಟ್ಟೆಯಲ್ಲ: ಅಡಿಗೆ ಕಾಲು ಇಂಚು, ಬಾಗಿಲಿನಿಂದ ದೂರದ ಮೂಲೆಯ ಜಾಲರಿಯ ಕಡೆಗೆ. ಎರಡಡಿಯ ನಾಲ್ಕಡಿಯ ಟೈಲ್ಸನ್ನು ಈ ಇಳಿಜಾರಿಗೆ ಕೂರಿಸಲು ಬರುವುದಿಲ್ಲ, ನೀರು ಮಡುಗಟ್ಟುತ್ತದೆ. ಒಂದಡಿಯ ಮ್ಯಾಟ್ ಟೈಲ್ಸ್ ಸಾಕು. ಸಂದು ಹೆಚ್ಚಿದಷ್ಟೂ ಕಾಲಿಗೆ ಹಿಡಿತ. ಪಾಲಿಶ್ ಮಾಡದ ಶಹಾಬಾದಿ ಫರಸಿ ಇನ್ನೂ ಒಳ್ಳೆಯದು, ಮಗಳಿಗೆ ಮಾತ್ರ ಬಣ್ಣ ಹಿಡಿಸಲಿಲ್ಲ. ಟೈಲ್ಸ್ ಹಾಕುವ ಮುಂಚೆ ಜಾಲರಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ಪರೀಕ್ಷಿಸಬೇಕು.

ಹಿಡಿಕೆ ಸ್ಟೇನ್‌ಲೆಸ್ ಸ್ಟೀಲಿನದು, ಒಂದೂಕಾಲು ಇಂಚು ದಪ್ಪ, ಗೋಡೆಗೂ ಅದಕ್ಕೂ ಒಂದೂವರೆ ಇಂಚು ಸಂದು, ನೆಲದಿಂದ ಮೂವತ್ಮೂರು ಇಂಚು. ಟೊಳ್ಳು ಬ್ಲಾಕ್ ಅಥವಾ ಹಗುರ ಬ್ಲಾಕಿನ ಗೋಡೆಗೆ ಪ್ಲಾಸ್ಟಿಕ್ ಗಟ್ಟಿಯ ಸ್ಕ್ರೂ ಹಾಕಿದರೆ, ಟವೆಲ್ಲಿನ ಭಾರ ಹೊರುತ್ತದೆ, ಮನುಷ್ಯನ ಭಾರಕ್ಕೆ ಕಿತ್ತು ಬರುತ್ತದೆ. ಗೋಡೆ ಕಟ್ಟುವಾಗಲೇ ಹಿಡಿಕೆ ಬರುವ ಎತ್ತರದಲ್ಲಿ ಕಾಂಕ್ರೀಟ್ ಪಟ್ಟಿ ಹಾಕಿಸಿ, ಪ್ಲಾಸ್ಟರಿಗೆ ಮುಂಚೆ ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಬೇಕು. ಕಮೋಡಿನ ಆಸನ ಹದಿನೆಂಟು ಇಂಚು ಎತ್ತರ. ಅಂಗಡಿಯಲ್ಲಿ ಸಿಗುವ ಬಹುತೇಕ ಕಮೋಡ್ ಅದಕ್ಕಿಂತ ಕೆಳಗೆ, ಬುಡಕ್ಕೆ ಎರಡಿಂಚು ಕಾಂಕ್ರೀಟ್ ಎತ್ತರಿಸಿದರೆ ಸರಿಹೋಗುತ್ತದೆ. ಪಕ್ಕದ ಗೋಡೆಯಿಂದ ಕಮೋಡಿನ ನಡುಗೆರೆಗೆ ಹದಿನೆಂಟು ಇಂಚು ಮೀರಿದರೆ ಹಿಡಿಕೆಗೆ ಕೈ ಎಟುಕುವುದಿಲ್ಲ.

ಕರೆಗಂಟೆಯ ಗುಂಡಿ ಎರಡು: ಒಂದು ಕಮೋಡಿನ ಪಕ್ಕ, ಇನ್ನೊಂದು ನೆಲದಿಂದ ಒಂದಡಿಗೆ, ಬಿದ್ದವರ ಕೈಗೆ ಸಿಗುವಂತೆ. ಗಂಟೆ ಗೇಟಿನ ಬಳಿ ಮೊಳಗಬೇಕು. ಮಗಳು ಬರುವವರೆಗೆ ನೆರವಿಗೆ ಬರುವವರು ಪಕ್ಕದ ಮನೆಯವರೇ. ಪ್ಲಗ್ ಪಾಯಿಂಟ್ ಮೊಣಕಾಲ ಮಟ್ಟಕ್ಕೆ, ಹಾಸಿಗೆಯ ಬಳಿ ಟೂ-ವೇ ಸ್ವಿಚ್, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್).

ಹಣ ಹಂತ ಹಂತವಾಗಿ: ಪಾಯ, ಲಿಂಟಲ್, ಸ್ಲ್ಯಾಬ್, ಪ್ಲಾಸ್ಟರ್, ಫಿನಿಶಿಂಗ್. ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ ಹತ್ತು ದಿನ ನೀರು ಹೊಡೆಯುವ ಕರಾರು ಬರೆಸಬೇಕು, ವಾರಕ್ಕೇ ಕೈಬಿಡುತ್ತಾರೆ. ಕೊನೆಯ ಹತ್ತನೇ ಒಂದು ಪಾಲನ್ನು ಒಂದು ಮಳೆಗಾಲ ದಾಟುವವರೆಗೆ ಹಿಡಿದಿಡುವುದು ಕರಾರಿನಲ್ಲೇ ಇರಲಿ; ಆಮೇಲೆ ಬಾಯಿಮಾತಿಗೆ ಯಾರೂ ಒಪ್ಪುವುದಿಲ್ಲ. ಆ ಮಳೆಯಲ್ಲಿ ಪಶ್ಚಿಮದ ಗೋಡೆಯ ಒಳಮೈ ಮುಟ್ಟಿ ನೋಡಬೇಕು, ಕಿಟಕಿಯ ಮೂಲೆಗಳನ್ನು ಗಮನಿಸಬೇಕು. ಪ್ಲಾಸ್ಟರಿನ ಮೇಲಿನ ಕೂದಲೆಳೆ ಬಿರುಕಿಗೆ ಬಣ್ಣದವನು ಸಾಕು. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತ ಹೋಗುವ ಬಿರುಕಿದ್ದರೆ, ಅದನ್ನು ಮುಚ್ಚಿಸುವ ಮೊದಲು ಎಂಜಿನಿಯರ್ ಬಂದು ನೋಡಬೇಕು.