ಗಣಿ ಕಾರ್ಮಿಕರ ಉಸಿರು ಅಳೆಯುವುದು: ನಾನು ಅನುಸರಿಸುವ ಕ್ರಮ

ಕಲ್ಲಿದ್ದಲು ಗಣಿಯಿಂದ ಬಂದವರನ್ನು ನಾನು ಕೆಮ್ಮಿಗಿಂತ ಮೊದಲು ಕೆಲಸದ ಬಗ್ಗೆ ಕೇಳುತ್ತೇನೆ. ಎಷ್ಟು ವರ್ಷ ಎಂಬುದಷ್ಟೇ ಸಾಲದು. ಕಲ್ಲಿದ್ದಲು ಕಡಿಯುವ ಕಡೆ ಇದ್ದರೋ, ಸುರಂಗದ ಚಾವಣಿಗೆ ಬೋಲ್ಟ್ ಕೊರೆಯುತ್ತಿದ್ದರೋ? ಬಂಡೆ ಕೊರೆದವರ ಎದೆಗೆ ಸಿಲಿಕಾ ಧೂಳೂ ಇಳಿದಿರುತ್ತದೆ, ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಬೇಗ ಬಲಿಯಬಹುದು.

ಎದೆಯ ಎಕ್ಸ್‌ರೇಯನ್ನು ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಮಾದರಿ ಚಿತ್ರಗಳ ಪಕ್ಕದಲ್ಲಿಟ್ಟೇ ಓದುತ್ತೇನೆ. ದುಂಡು ಚುಕ್ಕೆ 1.5 ಮಿ.ಮೀ.ವರೆಗೆ ‘ಪಿ’, 3ರವರೆಗೆ ‘ಕ್ಯೂ’, 10ರವರೆಗೆ ‘ಆರ್’; ಅದನ್ನು ಮೀರಿದರೆ ದೊಡ್ಡ ಗಂಟು. ಚಿತ್ರ ತೀರಾ ಬೆಳ್ಳಗಿದ್ದರೆ ಇಲ್ಲದ ಚುಕ್ಕೆಗಳೂ ಕಾಣುತ್ತವೆ, ಮತ್ತೆ ತೆಗೆಸಬೇಕು. ಚುಕ್ಕೆ ನೋಡಿ ದಮ್ಮಿನ ಅಳತೆ ಹೇಳುವುದಂತೂ ಆಗದು: ಎಕ್ಸ್‌ರೇ ಬಹುಪಾಲು ಸರಿಯಿದ್ದವರಲ್ಲೂ ಕಲ್ಲಿದ್ದಲು ಧೂಳಿನಿಂದಲೇ ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವುದು), ಸಿಒಪಿಡಿ (ಉಸಿರಿನ ದಾರಿ ಕಾಯಮ್ಮಾಗಿ ಕಿರಿದಾಗುವ ಕಾಯಿಲೆ) ಬಂದಿರುತ್ತವೆ.

ಅದಕ್ಕೇ ಸ್ಪೈರೋಮೆಟ್ರಿಗೆ, ಅಂದರೆ ಯಂತ್ರಕ್ಕೆ ಊದಿಸಿ ಉಸಿರು ಅಳೆಯುವ ಪರೀಕ್ಷೆಗೆ, ಹೆಚ್ಚು ಸಮಯ ಕೊಡುತ್ತೇನೆ. ಪ್ರತಿದಿನ 3 ಲೀಟರ್ ಸಿರಿಂಜಿನಿಂದ ಯಂತ್ರದ ಪರೀಕ್ಷೆ. ವ್ಯತ್ಯಾಸ ಶೇ 3 ದಾಟಬಾರದು. ಎತ್ತರವನ್ನು ಚಪ್ಪಲಿ ಬಿಡಿಸಿ ಅಳೆಯಬೇಕು, ಬೆನ್ನು ಬಾಗಿದವರಿಗೆ ಚಾಚಿದ ತೋಳುಗಳ ಅಳತೆ. ಮೂಗಿಗೆ ಕ್ಲಿಪ್, ಪೂರ್ತಿ ಉಸಿರು, ಒಮ್ಮೆಲೇ ರಭಸದಿಂದ ಊದು. ಯಂತ್ರ ಬಿಡಿಸುವ ಗೆರೆ ಮೇಲೇರದೆ ಸಪಾಟಾಗುವವರೆಗೂ “ಊದಿ, ಇನ್ನೂ ಊದಿ” ಎನ್ನುತ್ತಲೇ ಇರಬೇಕು. ಮೂರು ಒಳ್ಳೆಯ ಊದುಗಳು ಬೇಕು, ಅತ್ಯುತ್ತಮ ಎರಡರ ನಡುವೆ 150 ಮಿ.ಲೀ.ಗಿಂತ ಅಂತರ ಇರಬಾರದು. ಮೊದಲ ಸೆಕೆಂಡಿನಲ್ಲಿ ಕೆಮ್ಮಿದರೆ ಆ ಊದು ಲೆಕ್ಕಕ್ಕಿಲ್ಲ. ಹೆಚ್ಚು ಮೋಸ ಮಾಡುವುದು ಬೇಗ ನಿಲ್ಲಿಸಿದ ಊದು: ಒಟ್ಟು ಗಾಳಿ (ಎಫ್‌ವಿಸಿ) ಕಡಿಮೆ ಬಂದು, ಅದರಲ್ಲಿ ಮೊದಲ ಸೆಕೆಂಡಿನ ಗಾಳಿಯ ಅನುಪಾತ ಚೆನ್ನಾಗಿ ಕಾಣುತ್ತದೆ, ಶ್ವಾಸನಳಿಕೆಯ ಅಡಚಣೆ ಮುಚ್ಚಿಹೋಗುತ್ತದೆ. ಆಮೇಲೆ ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಮೂಲಕ ಶ್ವಾಸನಳಿಕೆ ಹಿಗ್ಗಿಸುವ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ, 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತೇನೆ.

ಸ್ಪೈರೋಮೆಟ್ರಿ ಸರಿಯಿದ್ದೂ ಏದುಸಿರು ಇದ್ದರೆ ಡಿಎಲ್‌ಸಿಒ (ಶ್ವಾಸಕೋಶದಿಂದ ಅನಿಲ ರಕ್ತಕ್ಕೆ ಎಷ್ಟು ಸಾಗುತ್ತದೆಂಬ ಪರೀಕ್ಷೆ) ಮಾಡಿಸುತ್ತೇನೆ. ಅಂದು ಬೀಡಿ ಸಿಗರೇಟು ಸೇದಿರಬಾರದು, ಹಿಮೋಗ್ಲೋಬಿನ್‌ಗೆ ತಕ್ಕಂತೆ ಫಲಿತಾಂಶ ಸರಿಪಡಿಸಬೇಕು. ಕೂತಾಗ ಸರಿಯಿರುವ ರಕ್ತದ ಆಮ್ಲಜನಕ ನಡೆದಾಗ ಇಳಿಯಬಹುದು, ಹಾಗಾಗಿ 30 ಮೀಟರ್ ಓಣಿಯಲ್ಲಿ 6 ನಿಮಿಷದ ನಡಿಗೆ. ಬೆರಳು ತಣ್ಣಗಿದ್ದರೆ ಅದನ್ನು ಅಳೆಯುವ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ, ಕೈ ಉಜ್ಜಿ ಬೆಚ್ಚಗಾಗಿಸಿ. ಸಂಶಯ ಉಳಿದರೆ ವ್ಯಾಯಾಮದ ವೇಳೆ ಅಪಧಮನಿ ರಕ್ತದ ಪರೀಕ್ಷೆಯೇ ಗತಿ.

ವರದಿಯಲ್ಲಿ ಕಾಯಿಲೆ ಒಂದು ಕಡೆ, ಅಸಾಮರ್ಥ್ಯ ಇನ್ನೊಂದು ಕಡೆ ಬರೆಯುತ್ತೇನೆ. ಗಣಿಯೊಳಗೆ ಭಾರ ಹೊತ್ತು ಏರುವವರ ಅಗತ್ಯವನ್ನು ಕುರ್ಚಿಯಲ್ಲಿ ಕೂತು ಮಾಡುವ ಕೆಲಸದ ಅಳತೆಯಿಂದ ತೂಗಲಾಗದು. ಊದುಗಳು ಒಂದಕ್ಕೊಂದು ಹೊಂದದಿದ್ದರೆ ‘ನಾಟಕ’ ಎಂದು ಬರೆಯಬೇಡಿ. ನಿಜವಾಗಿ ದಣಿದವರೂ ಹಾಗೇ ಊದುತ್ತಾರೆ. ಇನ್ನೊಂದು ದಿನ ಕರೆಸಿ.