ಚಿಲ್ಲರೆಯೇ ಗುಟ್ಟು ಬಿಟ್ಟುಕೊಡುತ್ತದೆ: ಬಿಟ್‌ಕಾಯಿನ್ ಕಳಿಸುವಾಗ ಖಾಸಗಿತನ ಕಾಪಾಡಿಕೊಳ್ಳುವುದು ಹೇಗೆ?

ಎರಡು ವರ್ಷದ ಹಿಂದೆ ಗೆಳೆಯನೊಬ್ಬನ ಬಾಕಿ ತೀರಿಸಲು 0.01 ಬಿಟ್‌ಕಾಯಿನ್ ಕಳಿಸಿದೆ. ಅರ್ಧ ಗಂಟೆಗೆ ಅವನ ಸಂದೇಶ ಬಂತು: ‘ದುಡ್ಡು ಬಂತು ಮಾರಾಯಾ. ಅಲ್ಲಾ, ಇಷ್ಟೊಂದು ಇಟ್ಕೊಂಡು ಮೂರು ತಿಂಗಳು ಸತಾಯಿಸಿದೆಯಲ್ಲ!’ ನನ್ನ ಹತ್ತಿರ ಎಷ್ಟಿದೆ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಅವನೇನೂ ಹ್ಯಾಕರ್ ಅಲ್ಲ. ಬ್ರೌಸರ್‌ನಲ್ಲಿ ಆ ಪಾವತಿಯನ್ನು ಹುಡುಕಿ, ಅದರ ಕೆಳಗಿನ ಸಾಲನ್ನೂ ಓದಿದ್ದ, ಅಷ್ಟೇ.

ಬಿಟ್‌ಕಾಯಿನ್ ಅಂದರೆ ಯಾರಿಗೂ ಗೊತ್ತಾಗದ ದುಡ್ಡು ಅಂತ ಈಗಲೂ ಎಷ್ಟೋ ಜನ ನಂಬಿದ್ದಾರೆ. ಆದರೆ ಅದರ ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದೇ ಇರುತ್ತದೆ. 2009ರ ಜನವರಿಯಿಂದ ಇವತ್ತಿನವರೆಗಿನ ಪ್ರತಿ ವಹಿವಾಟೂ ಅದರಲ್ಲಿದೆ, ಅಳಿಸಲು ಯಾರಿಂದಲೂ ಆಗದು. 2010ರ ಮೇ ತಿಂಗಳಲ್ಲಿ ಲಾಸ್ಲೊ ಹಾನ್ಯೆಚ್ ಎಂಬುವರು ಎರಡು ಪಿಜ್ಜಾಕ್ಕೆ 10,000 ಬಿಟ್‌ಕಾಯಿನ್ ಕೊಟ್ಟರಲ್ಲ, ಆ ಪಾವತಿಯನ್ನು ನೀವು ಈಗಲೂ ನೋಡಬಹುದು.

ಪುಸ್ತಕದಲ್ಲಿ ಹೆಸರು ಇರುವುದಿಲ್ಲ, ಅಕ್ಷರ, ಅಂಕಿಗಳ ಉದ್ದ ಸಾಲಾದ ‘ವಿಳಾಸ’ ಮಾತ್ರ. ಆದರೆ ಒಂದು ವಿಳಾಸಕ್ಕೆ ಒಮ್ಮೆ ಹೆಸರು ಅಂಟಿಕೊಂಡಿತೋ, ಅದರ ಹಿಂದು ಮುಂದು ಎಲ್ಲ ಬಯಲಾಗುತ್ತಾ ಹೋಗುತ್ತದೆ. 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ, ಅಂದರೆ ಬಿಟ್‌ಕಾಯಿನ್ ಕೊಳ್ಳುವ, ಮಾರುವ ತಾಣದಿಂದ, ಸುಮಾರು 1.2 ಲಕ್ಷ ಬಿಟ್‌ಕಾಯಿನ್ ಕಳುವಾಯಿತು. ಅಮೆರಿಕದ ತನಿಖೆಗಾರರು ಜಾಡು ಹಿಡಿದು 2022ರಲ್ಲಿ ಸುಮಾರು 94,000 ವಶಪಡಿಸಿಕೊಂಡರು. ಕಳ್ಳ ಸಿಕ್ಕಿದ್ದು ಒಳ್ಳೆಯದೇ. ಆದರೆ ಅದೇ ದಾರಿಯಲ್ಲಿ ನಿಮ್ಮ ಉಳಿತಾಯವನ್ನು ಲೆಕ್ಕ ಹಾಕಲು ಕಳ್ಳನಿಗೂ ಆಗುತ್ತದೆ, ಅಲ್ವಾ?

ಮೊದಲು ಚಿಲ್ಲರೆ ಅರ್ಥವಾಗಲಿ

ಬಿಟ್‌ಕಾಯಿನ್ ಪಡೆಯಲು, ಕಳಿಸಲು ಬಳಸುವ ಆ್ಯಪ್‌ಗೆ ವ್ಯಾಲೆಟ್ ಅನ್ನುತ್ತಾರೆ. ಅದರ ಪರದೆಯ ಮೇಲೆ ಒಂದೇ ಮೊತ್ತ ಕಾಣುತ್ತದೆ. ಒಳಗೆ ಹಾಗಿಲ್ಲ. ನಿಮಗೆ ಬಂದ ಪ್ರತಿ ಪಾವತಿಯೂ ಬೇರೆ ಬೇರೆ ನೋಟಿನ ಹಾಗೆ ಬಿಡಿಯಾಗಿಯೇ ಇರುತ್ತದೆ. ಪರದೆ ತೋರಿಸುವುದು ಅವುಗಳ ಒಟ್ಟು ಮಾತ್ರ.

ನನ್ನ ಹತ್ತಿರ 0.05ರ ಒಂದು ನೋಟಿತ್ತು ಅಂದುಕೊಳ್ಳಿ. ಗೆಳೆಯನಿಗೆ 0.01 ಕೊಡಬೇಕು. ಅರ್ಧ ನೋಟು ಕೊಡಲು ಆಗುವುದಿಲ್ಲ, ಇಡೀ ನೋಟನ್ನೇ ಮುರಿಸಬೇಕು. 0.01 ಅವನಿಗೆ ಹೋಯಿತು. 0.0001 ಶುಲ್ಕವಾಯಿತು. ಉಳಿದ 0.0399 ಚಿಲ್ಲರೆಯಾಗಿ ನನ್ನದೇ ಇನ್ನೊಂದು ವಿಳಾಸಕ್ಕೆ ವಾಪಸ್ ಬಂತು. ಪುಸ್ತಕದಲ್ಲಿ ಈ ಎರಡೂ ಸಾಲು ಅಕ್ಕಪಕ್ಕ ಇರುತ್ತವೆ. ತನ್ನ ಸಾಲು ಯಾವುದು ಅಂತ ಅವನಿಗೆ ಗೊತ್ತು. ಅಂದಮೇಲೆ ಇನ್ನೊಂದು ನನ್ನದು. ಹೊರಗಿನವರಿಗೂ ಇದನ್ನು ಊಹಿಸುವುದು ಕಷ್ಟವಲ್ಲ. 0.01ರಂಥ ದುಂಡು ಮೊತ್ತ ಪಾವತಿ, ಒಡಕು ಮೊತ್ತ ಚಿಲ್ಲರೆ.

ಇದಕ್ಕಿಂತ ದೊಡ್ಡ ತೊಂದರೆ ನೋಟುಗಳನ್ನು ಕೂಡಿಸಿದಾಗ ಬರುತ್ತದೆ. ನಿಮ್ಮ ಹತ್ತಿರ 0.05 ಮತ್ತು 0.02ರ ಎರಡು ನೋಟು ಇವೆ, ಕೊಡಬೇಕಾದ್ದು 0.06. ವ್ಯಾಲೆಟ್ ಎರಡನ್ನೂ ಒಂದೇ ವಹಿವಾಟಿಗೆ ಹಾಕುತ್ತದೆ. ಎರಡೂ ಒಬ್ಬರದೇ ಅಂತ ಆ ಕ್ಷಣಕ್ಕೆ ಜಗತ್ತಿಗೆ ತಿಳಿಯಿತು. ಒಂದು ನೋಟು ಎಕ್ಸ್‌ಚೇಂಜ್‌ನಿಂದ ಬಂದು ನಿಮ್ಮ ಹೆಸರು ಹೊತ್ತಿದ್ದರೆ, ಇನ್ನೊಂದಕ್ಕೂ ಅದೇ ಹೆಸರು. ಇದು ಹೊಸದಾಗಿ ಕಂಡುಹಿಡಿದ ದೋಷವಲ್ಲ. ಬಿಟ್‌ಕಾಯಿನ್ ಸೃಷ್ಟಿಸಿದ ಸತೋಶಿ ನಕಮೊಟೊ 2008ರ ತಮ್ಮ ಬರಹದಲ್ಲೇ ಹೇಳಿದ್ದರು: ಪ್ರತಿ ವಹಿವಾಟಿಗೂ ಹೊಸ ಕೀಲಿ (ಅಂದರೆ ಹೊಸ ವಿಳಾಸ) ಬಳಸಿ, ಆದರೂ ನೋಟು ಕೂಡಿಸಿದಾಗ ಒಡೆಯ ಒಬ್ಬನೇ ಎಂಬುದು ಬಯಲಾಗದೆ ಇರದು.

ಒಂದು: ಪ್ರತಿ ಸಲವೂ ಹೊಸ ವಿಳಾಸ

ಇದು ಸುಲಭ. ಇಂದಿನ ವ್ಯಾಲೆಟ್‌ಗಳು 12 ಅಥವಾ 24 ಪದಗಳ ಒಂದೇ ಗುಟ್ಟಿನಿಂದ ಎಷ್ಟು ಬೇಕಾದರೂ ವಿಳಾಸ ಹುಟ್ಟಿಸುತ್ತವೆ. ‘ಸ್ವೀಕರಿಸಿ’ ಒತ್ತಿದಾಗ ಬರುವ ಹೊಸದನ್ನೇ ಕೊಡಿ. ಹಳೆಯದನ್ನು ಎಲ್ಲೋ ಬರೆದಿಟ್ಟುಕೊಂಡು ಮತ್ತೆ ಮತ್ತೆ ಕೊಡಬೇಡಿ. ಎಕ್ಸ್‌ಪಬ್ ಅನ್ನುವ ಉದ್ದನೆಯ ಸಾಲನ್ನು ಯಾರಾದರೂ ಕೇಳಿದರೆ ಎರಡು ಸಲ ಯೋಚಿಸಿ. ಅದರಿಂದ ದುಡ್ಡು ತೆಗೆಯಲು ಆಗದು, ಆದರೆ ಆ ಖಾತೆಯ ಹಿಂದಿನ, ಮುಂದಿನ ವಿಳಾಸಗಳೆಲ್ಲ ಅವರಿಗೆ ಕಾಣುತ್ತವೆ.

ಎರಡು: ನೋಟಿಗೆ ಚೀಟಿ ಅಂಟಿಸಿ, ಕೈಯಾರೆ ಆರಿಸಿ

ಒಂದೇ ಒಂದು ಹೆಜ್ಜೆ ಇಡುತ್ತೇನೆ ಅನ್ನುವವರು ಇದನ್ನೇ ಇಡಿ. ಸ್ಪ್ಯಾರೋ, ಎಲೆಕ್ಟ್ರಮ್‌ನಂಥ ವ್ಯಾಲೆಟ್‌ಗಳಲ್ಲಿ ‘ಕಾಯಿನ್ ಕಂಟ್ರೋಲ್’ ಎಂಬ ಸೌಲಭ್ಯವಿದೆ. ಅಲ್ಲಿ ಒಂದೊಂದು ನೋಟೂ ಬೇರೆಯಾಗಿ ಕಾಣುತ್ತದೆ. ದುಡ್ಡು ಬಂದ ದಿನವೇ ಲೇಬಲ್ ಬರೆಯಿರಿ: ‘ಎಕ್ಸ್‌ಚೇಂಜ್‌ನಿಂದ, ಹೆಸರು ಗೊತ್ತು’, ‘ಕೆಲಸದ ಸಂಬಳ’, ‘ಗೆಳೆಯನ ಪಾವತಿಯ ಚಿಲ್ಲರೆ, ಅವನಿಗೆ ಗೊತ್ತು’. ಚಿಲ್ಲರೆಗೂ ಬರೆಯಲೇಬೇಕು. ಮುರಿಸಿದ ನೋಟಿನ ಕಥೆಯೆಲ್ಲ ಅದಕ್ಕೂ ಬಳುವಳಿಯಾಗಿ ಬಂದಿರುತ್ತದೆ.

ಕಳಿಸುವಾಗ ವ್ಯಾಲೆಟ್ ತಾನಾಗಿ ಆರಿಸಲು ಬಿಡಬೇಡಿ. ಕೊಡಬೇಕಾದ ಮೊತ್ತಕ್ಕೆ ಹತ್ತಿರವಿರುವ ನೋಟನ್ನೇ ಹುಡುಕಿ, ಚಿಲ್ಲರೆ ಸಣ್ಣದಾದಷ್ಟೂ ಒಳ್ಳೆಯದು. ಬೇರೆ ಬೇರೆ ಮೂಲದ ನೋಟುಗಳನ್ನು ಕೂಡಿಸಬೇಡಿ. ಅದರ ಬದಲು ಎರಡು ಪಾವತಿ ಮಾಡಿ, ಬೇರೆ ಬೇರೆ ವಿಳಾಸಕ್ಕೆ. ಶುಲ್ಕ ಜಾಸ್ತಿ ಆಗುತ್ತದೆ, ನಿಜ.

ಕೆಲವೊಮ್ಮೆ ಯಾರೋ ಗೊತ್ತಿಲ್ಲದವರಿಂದ 546 ಸತೋಶಿಯಂಥ ಪುಡಿಗಾಸು ಬಂದು ಬೀಳುತ್ತದೆ. ಹತ್ತು ಕೋಟಿ ಸತೋಶಿ ಸೇರಿದರೆ ಒಂದು ಬಿಟ್‌ಕಾಯಿನ್, ಅಂದರೆ ಇದರ ಬೆಲೆ ಏನೇನೂ ಇಲ್ಲ. ನೀವು ಅದನ್ನು ಉಳಿದ ನೋಟಿನ ಜೊತೆ ಸೇರಿಸಿ ಖರ್ಚು ಮಾಡಲಿ, ಆಗ ನಿಮ್ಮ ಬೇರೆ ವಿಳಾಸಗಳು ಸಿಗುತ್ತವೆ ಅಂತ ಹಾಕಿದ ಗಾಳ ಇರಬಹುದು. ಆ ನೋಟು ಖರ್ಚಾಗದಂತೆ ‘ಫ್ರೀಜ್’ ಮಾಡಿ ಮರೆತುಬಿಡಿ.

ಮೂರು: ಯಾರ ಸರ್ವರ್ ಕೇಳುತ್ತಿದೆ?

ಸಾಮಾನ್ಯವಾಗಿ ವ್ಯಾಲೆಟ್ ನಿಮ್ಮ ಬ್ಯಾಲೆನ್ಸ್ ತಿಳಿಯಲು ಬೇರೆಯವರ ಸರ್ವರ್ ಅನ್ನು ಕೇಳುತ್ತದೆ. ‘ಈ ಹತ್ತು ವಿಳಾಸದಲ್ಲಿ ಎಷ್ಟಿದೆ?’ ಅಂತ ಒಟ್ಟಿಗೆ ಕೇಳಿದರೆ, ಹತ್ತೂ ಒಬ್ಬರದೇ ಅಂತ ಸರ್ವರ್‌ಗೆ ತಿಳಿಯಿತಲ್ಲ. ಜೊತೆಗೆ ನಿಮ್ಮ ಇಂಟರ್‌ನೆಟ್ ಸಂಪರ್ಕದ ಗುರುತಾದ ಐಪಿ ವಿಳಾಸವೂ ಸಿಗುತ್ತದೆ. ಸಂಪರ್ಕದ ಮೂಲ ಮರೆಮಾಡುವ ಟಾರ್ ಜಾಲದ ಮೂಲಕ ಹೋದರೆ ಐಪಿ ಮರೆಯಾಗುತ್ತದೆ. ಪೂರ್ತಿ ಪರಿಹಾರ ಬೇಕಾದರೆ ನಿಮ್ಮದೇ ನೋಡ್, ಅಂದರೆ ಲೆಕ್ಕದ ಪುಸ್ತಕವನ್ನು ತಾನೇ ಪರಿಶೀಲಿಸುವ ಕಂಪ್ಯೂಟರ್, ಇಟ್ಟುಕೊಳ್ಳಿ. ಬಿಟ್‌ಕಾಯಿನ್ ಕೋರ್ ತಂತ್ರಾಂಶ ಉಚಿತ. ಇಡೀ ಪುಸ್ತಕ ಉಳಿಸಿಕೊಳ್ಳಲು 500 ಜಿಬಿಗಿಂತ ಜಾಸ್ತಿ ಜಾಗ ಬೇಕು, ಹಳೆಯದನ್ನು ಅಳಿಸುತ್ತಾ ಹೋಗುವ ‘ಪ್ರೂನ್’ ವಿಧಾನದಲ್ಲಾದರೆ ತುಂಬಾ ಕಡಿಮೆ ಸಾಕು.

ಎಲ್ಲ ಎಚ್ಚರ ವಹಿಸಿದವರೂ ಕೊನೆಗೆ ಒಂದು ಕಡೆ ಎಡವುತ್ತಾರೆ. ದುಡ್ಡು ತಲುಪಿತಾ ಅಂತ ನೋಡಲು ಯಾವುದೋ ಜಾಲತಾಣದಲ್ಲಿ ತಮ್ಮದೇ ವಿಳಾಸ ಹಾಕಿ ಹುಡುಕುತ್ತಾರೆ. ನಾನೂ ಎಷ್ಟೋ ಸಲ ಹುಡುಕಿದ್ದೇನೆ.

ನಾಲ್ಕು: ದಾರಿ ಬದಲಿಸಬೇಕಾ?

ಸಣ್ಣ ಪಾವತಿಗೆ ಬಿಟ್‌ಕಾಯಿನ್ ಮೇಲೆಯೇ ಕಟ್ಟಿದ ಲೈಟ್ನಿಂಗ್ ಜಾಲ ಒಳ್ಳೆಯದು. ಒಂದೊಂದು ಪಾವತಿಯೂ ಪುಸ್ತಕಕ್ಕೆ ಏರುವುದಿಲ್ಲ, ದಾರಿಯ ನಡುವಿನವರಿಗೆ ತಮ್ಮ ಹಿಂದಿನವರು, ಮುಂದಿನವರು ಮಾತ್ರ ಗೊತ್ತು. ಆದರೆ ನಿಮ್ಮ ದುಡ್ಡನ್ನು ಕಂಪನಿಯೇ ಇಟ್ಟುಕೊಳ್ಳುವ ಲೈಟ್ನಿಂಗ್ ವ್ಯಾಲೆಟ್ ಆದರೆ ಆ ಕಂಪನಿಗೆ ಎಲ್ಲವೂ ಕಾಣುತ್ತದೆ. ಈಥೀರಿಯಮ್ ಎಂಬ ಇನ್ನೊಂದು ಕ್ರಿಪ್ಟೋ ಜಾಲದಲ್ಲಿ ಕಥೆ ಇನ್ನೂ ಕಷ್ಟ. ಅಲ್ಲಿ ನೋಟು, ಚಿಲ್ಲರೆ ಇಲ್ಲ, ಒಂದೇ ಖಾತೆಯಲ್ಲಿ ಎಲ್ಲ ಟೋಕನ್, ಎಲ್ಲ ಇತಿಹಾಸ. ಅದಕ್ಕೆ ಉದ್ದ ವಿಳಾಸದ ಬದಲು ಬಳಸುವ, ನಿಮ್ಮ ಹೆಸರಿನ ‘ಡಾಟ್ ಈಥ್’ ಬೋರ್ಡು ಬೇರೆ ಹಾಕಿದರೆ ಪಾಸ್‌ಬುಕ್ಕನ್ನು ಬಾಗಿಲಿಗೆ ನೇತು ಹಾಕಿದಂತೆ. 2014ರಲ್ಲಿ ಬಂದ ಮೊನೆರೊ ಎಂಬ ಕ್ರಿಪ್ಟೋ ನಾಣ್ಯ ಕಳಿಸಿದವರು, ಪಡೆದವರು, ಮೊತ್ತ ಮೂರನ್ನೂ ತಾನಾಗಿಯೇ ಮರೆಮಾಡುತ್ತದೆ. 2016ರ ಝೀಕ್ಯಾಶ್ ನಾಣ್ಯದಲ್ಲಿ ‘ಶೀಲ್ಡೆಡ್’ ವಿಳಾಸ ಬಳಸಿದರೆ ಮಾತ್ರ ಆ ಮರೆ ಸಿಗುತ್ತದೆ. ಮೊನೆರೊವನ್ನು ಹಲವು ಎಕ್ಸ್‌ಚೇಂಜ್‌ಗಳು ಕೈಬಿಟ್ಟಿವೆ ಅನ್ನುವುದೂ ಲೆಕ್ಕದಲ್ಲಿರಲಿ.

ಹಲವರ ನೋಟು ಬೆರೆಸುವ ಮಿಕ್ಸರ್ ಸೇವೆಗಳನ್ನು ಹೊಸಬರಿಗೆ ನಾನು ಹೇಳುವುದಿಲ್ಲ. ಅಲ್ಲಿಂದ ಬಂದ ದುಡ್ಡನ್ನು ಎಕ್ಸ್‌ಚೇಂಜ್‌ಗಳು ತಡೆಹಿಡಿದು ಪ್ರಶ್ನೆ ಕೇಳಬಹುದು, ಕಾನೂನೂ ದೇಶದಿಂದ ದೇಶಕ್ಕೆ ಬೇರೆ. ತೆರಿಗೆ ಲೆಕ್ಕ ಕೊಡುವುದಂತೂ ಇದ್ದೇ ಇದೆ. ಮೇಲೆ ಹೇಳಿದ ಲೇಬಲ್‌ಗಳು ಅಲ್ಲೂ ನೆರವಿಗೆ ಬರುತ್ತವೆ.

ಐದು: ‘ಕಳಿಸಿ’ ಒತ್ತುವ ಮುಂಚೆ

ನೀವು ಮೊದಲು ಕಳಿಸಿದ ವಿಳಾಸದ ಹಾಗೇ ಕಾಣುವ, ಮೊದಲ ಮತ್ತು ಕೊನೆಯ ಅಕ್ಷರ ಒಂದೇ ಇರುವ ವಿಳಾಸದಿಂದ ಪುಡಿ ವಹಿವಾಟು ಕಳಿಸಿ ನಿಮ್ಮ ವಹಿವಾಟಿನ ಪಟ್ಟಿಯಲ್ಲಿ ಕೂರುವ ವಂಚಕರಿದ್ದಾರೆ. ಪಟ್ಟಿಯಿಂದ ಕಾಪಿ ಮಾಡಿದರೆ ದುಡ್ಡು ಅವರ ಪಾಲು. ಹಾಗಾಗಿ ವಿಳಾಸವನ್ನು ಪಡೆಯುವವರಿಂದಲೇ ಹೊಸದಾಗಿ ಕೇಳಿ. ನಡುವಿನ ಅಕ್ಷರಗಳನ್ನೂ ನೋಡಿ. ಕೀಲಿಯನ್ನು ಬೇರೆಯಾಗಿ ಇಟ್ಟುಕೊಳ್ಳುವ ಪುಟ್ಟ ಸಾಧನ, ಅಂದರೆ ಹಾರ್ಡ್‌ವೇರ್ ವ್ಯಾಲೆಟ್ ಇದ್ದರೆ ಅದರ ಪರದೆಯಲ್ಲೇ ಓದಿ, ಕಂಪ್ಯೂಟರ್‌ನದ್ದನ್ನು ನಂಬಬೇಡಿ.

ಆ ಗೆಳೆಯನಿಗೆ ಈಗಲೂ ಆಗಾಗ ಕಳಿಸುವುದಿರುತ್ತದೆ. ಅವನಿಗಂತಲೇ ಸಣ್ಣದೊಂದು ನೋಟು ಎತ್ತಿಟ್ಟಿದ್ದೇನೆ. ಹೋದ ಸಲ ಅವನಿಗೆ ಕಂಡ ಚಿಲ್ಲರೆ 0.0003. ‘ಪೂರ್ತಿ ಖಾಲಿ ಆಯ್ತಾ?’ ಅಂತ ಕೇಳಿದ. ಹೂಂ ಅಂದೆ.