ಹಳೇ 1.5 ಟೆಸ್ಲಾದಲ್ಲೇ ಮಸಲ್ ಗ್ರೇಡಿಂಗ್: ನನ್ನ ಅನುಭವ

"3 ಟೆಸ್ಲಾ ಇಲ್ದೆ ಮಸಲ್ ಎಂಆರ್‌ಐ ಮಾಡಿ ಏನ್ರೀ ಪ್ರಯೋಜನ?" ಅಂತ ನಮ್ಮೂರಿನ ನ್ಯೂರಾಲಜಿಸ್ಟ್ ಒಬ್ಬರು ಮುಖಕ್ಕೇ ಹೇಳಿದ್ದರು. ಈಗ ಪೇಶೆಂಟ್ ಕಳಿಸುವವರೂ ಅವರೇ. ಅದಕ್ಕೇ ಬರೆಯುತ್ತಿದ್ದೇನೆ. ಟೆಸ್ಲಾ ಅಂದರೆ ಎಂಆರ್‌ಐ ಯಂತ್ರದ ಅಯಸ್ಕಾಂತದ ಬಲ; ಗ್ರೇಡಿಂಗ್ ಅಂದರೆ ಕಾಯಿಲೆಯ ಸ್ನಾಯುವಿನಲ್ಲಿ ಎಷ್ಟು ಕೊಬ್ಬು ತುಂಬಿದೆ ಅಂತ ಚಿತ್ರ ನೋಡಿ ಅಂಕ ಹಾಕುವುದು.

ಮೊದಲು ದುಡ್ಡು. ಹೋಲ್ ಬಾಡಿ ಮಾಡಿದಾಗ ಟೇಬಲ್ ಒಂದು ಗಂಟೆ ಬಿಡುತ್ತಿರಲಿಲ್ಲ, ಬಿಲ್ ಹನ್ನೆರಡು ಸಾವಿರದ ಹತ್ತಿರ. ಡುಶೇನ್ (ಸ್ನಾಯು ಕ್ಷಯಿಸುವ ಜೀನ್ ಕಾಯಿಲೆ) ಇರುವ ಮಕ್ಕಳು ಅಷ್ಟು ಹೊತ್ತು ಅಲುಗಾಡದೆ ಮಲಗುವುದುಂಟೇ? ಸೊಂಟ, ತೊಡೆ, ಮೀನಖಂಡ ಇಷ್ಟೇ ಇಟ್ಟುಕೊಂಡೆ. ಆಕ್ಸಿಯಲ್ (ಅಡ್ಡ ಸೀಳಿನ) ಟಿ1, ಅದರಲ್ಲಿ ಕೊಬ್ಬು ಬೆಳ್ಳಗೆ; ಜೊತೆಗೆ ಸ್ಟಿರ್, ಅದರಲ್ಲಿ ನೀರು ತುಂಬಿದ ಊತ ಬೆಳ್ಳಗೆ. ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡವೇ ಬೇಡ. ಇಪ್ಪತ್ತು ನಿಮಿಷ, ಐದೂವರೆ ಸಾವಿರದ ಆಸುಪಾಸು.

ಗ್ರೇಡ್ ಹಾಕುವ ಮರ್ಕ್ಯುರಿ ಸ್ಕೇಲಿನಲ್ಲಿ 0 (ಆರೋಗ್ಯವಂತ ಸ್ನಾಯು) ಮತ್ತು 4 (ಪೂರ್ತಿ ಕೊಬ್ಬು) ಯಾರು ಬೇಕಾದರೂ ಹಾಕುತ್ತಾರೆ. ಜಗಳವೆಲ್ಲ 2ಎ, 2ಬಿ, 3ರಲ್ಲಿ. ನನ್ನ ಕಣ್ಣಿಗೆ 50 ಪರ್ಸೆಂಟ್ ಕಂಡ ಕೊಬ್ಬು ಜೂನಿಯರ್‌ಗೆ 70. ಮೊದಮೊದಲು ಮೂರು ಸ್ನಾಯುಗಳಲ್ಲಿ ಒಂದಕ್ಕೆ ನಮ್ಮಿಬ್ಬರ ಗ್ರೇಡ್ ತಾಳೆಯಾಗುತ್ತಿರಲಿಲ್ಲ. ಫಾಲೋಅಪ್ ಇನ್ನೂ ಕಷ್ಟ: ಸ್ಲೈಸ್ ಮೂರ್ನಾಲ್ಕು ಸೆಂಟಿಮೀಟರ್ ಮೇಲೆ ಸರಿದರೆ ತೊಡೆಯ ಹಿಂಬದಿಯ ಬೈಸೆಪ್ಸ್ ಫೆಮೋರಿಸ್‌ನ ಶಾರ್ಟ್ ಹೆಡ್ಡೇ ಮಾಯ. ಮಕ್ಕಳು ಬೆಳೆಯುತ್ತಾರಾದ್ದರಿಂದ ಸೆಂಟಿಮೀಟರ್ ಲೆಕ್ಕ ನಡೆಯದು. ತೊಡೆಮೂಳೆಯ ಉದ್ದದ ಅನುಪಾತದಲ್ಲಿ ಮಟ್ಟ ಹಿಡಿದೆ. ಆಮೇಲೆ ನಮ್ಮದೇ ಕೇಸುಗಳಿಂದ ಗ್ರೇಡಿಗೊಂದು ಮಾದರಿ ಚಿತ್ರ ಆರಿಸಿ ಮಾನಿಟರ್ ಪಕ್ಕ ಅಂಟಿಸಿದೆ. ಕ್ಲಿನಿಕಲ್ ನೋಟ್ ಓದುವ ಮೊದಲೇ ಗ್ರೇಡ್ ಬರೆಯಬೇಕು, ಇದು ಕಟ್ಟಪ್ಪಣೆ. ಈಗ ಹತ್ತರಲ್ಲಿ ಒಂಬತ್ತು ತಾಳೆಯಾಗುತ್ತವೆ.

ನಡುವೆ, ನೀರು-ಕೊಬ್ಬಿನ ಸಿಗ್ನಲ್ ಬೇರ್ಪಡಿಸಿ ಕೊಬ್ಬನ್ನು ಲೆಕ್ಕ ಹಾಕುವ ಡಿಕ್ಸನ್ ವಿಧಾನದ ಹುಚ್ಚೂ ಹಿಡಿದಿತ್ತು. ತೊಡೆಗಳ ನಡುವೆ ಕಡಲೆಕಾಯಿ ಎಣ್ಣೆಯ ಪುಟ್ಟ ಬಾಟಲಿ ಇಟ್ಟೆ, ಫ್ಯಾಟ್ ಫ್ರ್ಯಾಕ್ಷನ್ (ಕೊಬ್ಬಿನ ಶೇಕಡಾ ಪ್ರಮಾಣ) ಸರಿಯಾಗಿ ಅಳೆಯುತ್ತದೋ ನೋಡಲು. ಶುದ್ಧ ಎಣ್ಣೆಗೂ ನೂರು ಬರಲಿಲ್ಲ, ತೊಂಬತ್ತರ ಸುತ್ತಲೇ ನಿಂತಿತು. ಎಣ್ಣೆಯ ಒಂದು ಸಿಗ್ನಲ್ ಪೀಕ್ ನೀರಿನ ಪೀಕಿನ ಪಕ್ಕದಲ್ಲೇ ಕೂರುತ್ತದಲ್ಲ, ನಮ್ಮ ಸಾಫ್ಟ್‌ವೇರ್‌ಗೆ ಅದರ ಪರಿವೆಯೇ ಇಲ್ಲ. ಇನ್ನೊಮ್ಮೆ ಫ್ಯಾಟ್-ವಾಟರ್ ಸ್ವಾಪ್ (ಕೊಬ್ಬು-ನೀರು ಅದಲುಬದಲು) ಆಗಿ, ಫ್ಯಾಟ್ ಇಮೇಜಿನಲ್ಲಿ ಎಡತೊಡೆಯ ಚರ್ಮದಡಿಯ ಕೊಬ್ಬು ಕಪ್ಪಗೆ, ಸ್ನಾಯು ಬೆಳ್ಳಗೆ! ಪೇಶೆಂಟ್ ಎದುರು ಆ ಚಿತ್ರ ತೆರೆಯಲಿಲ್ಲ. ಡಿಕ್ಸನ್ ಟ್ರಯಲ್‌ಗಳಿಗೆ ಸರಿ, ದಿನದ ಕೆಲಸಕ್ಕೆ ಟಿ1 ಸಾಕು.

ಅನುಮಾನ ಪಟ್ಟವರ ಬಾಯಿ ಮುಚ್ಚಿಸಿದ್ದು ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ. ಸಿಕೆ (ಸ್ನಾಯು ಹಾಳಾದಾಗ ರಕ್ತದಲ್ಲಿ ಏರುವ ಕಿಣ್ವ) ಎಂಟು-ಒಂಬತ್ತು ಸಾವಿರ. ಪಾಲಿಮಯೋಸೈಟಿಸ್ (ಸ್ನಾಯುಗಳ ಉರಿಯೂತ) ಅಂತ ಎಲ್ಲೋ ಹೆಸರಿಟ್ಟು ಎರಡು ವರ್ಷ ಸ್ಟೀರಾಯ್ಡ್ ತಿನ್ನಿಸಿದ್ದರು, ಬಲ ಇನ್ನೂ ಕುಗ್ಗಿತ್ತು. ಸ್ಟಿರ್ ಬೆಳಗುತ್ತಿತ್ತು, ಉರಿಯೂತ ಅಂತ ನಂಬಿಸುವ ಹಾಗೆ. ಟಿ1 ನೋಡಿದರೆ ಮೀನಖಂಡದ ಮೀಡಿಯಲ್ ಗ್ಯಾಸ್ಟ್ರೊಕ್ನೀಮಿಯಸ್ ಎರಡೂ ಕಡೆ 3, ಸೋಲಿಯಸ್ 2ಬಿ. ತೊಡೆಯ ಸಾರ್ಟೋರಿಯಸ್, ಗ್ರಾಸಿಲಿಸ್ ಶುದ್ಧ 0. ಹೀಗೆ ಕೆಲವನ್ನೇ ಆರಿಸಿ ತಿನ್ನುವುದು ಜೀನ್ ಕಾಯಿಲೆಯ ಸುಳಿವು. ಡಿಸ್‌ಫರ್ಲಿನ್ (ಸ್ನಾಯುವಿನ ಪೊರೆ ರಿಪೇರಿ ಮಾಡುವ ಪ್ರೋಟೀನ್) ಜೀನ್ ನೋಡಿ ಅಂತ ಬರೆದೆ. ಜೀನ್ ಟೆಸ್ಟಿಗೆ ಹದಿನೈದು ಸಾವಿರಕ್ಕೂ ಮೇಲೆ ಸುರಿಯಬೇಕಾದ್ದರಿಂದ ಮನೆಯವರು ಹಿಂದೇಟು ಹಾಕಿದರು. ಕೊನೆಗೆ ಮಾಡಿಸಿದರು; ಡಿಸ್‌ಫರ್ಲಿನ್ ಜೀನೇ. ಸ್ಟೀರಾಯ್ಡ್ ಇಳಿಸುತ್ತಾ ಬಂದು ನಿಲ್ಲಿಸಿದ್ದಾರೆ.